ತಂಗಿಯ ಆರತಕ್ಷತೆಗೆ ನಾನು ಡಿಜೆ ಕರೆಸಿದ್ದು

ನನ್ನ ತಂಗಿಗೆ ಎರಡು ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಬಲಗಿವಿ ಹೋಯಿತು, ಆಮೇಲೆ ಎಡಗಿವಿ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬಂತು. ಎಡಕ್ಕೆ ಕಿವಿ ಮಿಷನ್ ಹಾಕಿಕೊಳ್ಳುತ್ತಿದ್ದಳು. ಮದುವೆ ಗೊತ್ತಾಗುವ ಹಿಂದಿನ ವರ್ಷ ಜೆ.ಪಿ. ನಗರದ ಡಾಕ್ಟರು, ಇದೂ ಇನ್ನು ಎರಡು ಮೂರು ವರ್ಷ ಅಷ್ಟೇ ಎಂದರು. ನನ್ನನ್ನು ನೋಡಿಕೊಂಡು ಹೇಳಿದರು. ತಂಗಿ ಪಕ್ಕದಲ್ಲಿ ಕೂತು ಅವರ ತುಟಿಯನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ನಾನು ಅವಳಿಗೆ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಸುಬ್ರಹ್ಮಣ್ಯಪುರದ ನಮ್ಮ ಹಿಟ್ಟಿನ ಗಿರಣಿಯಲ್ಲಿ ಅಮ್ಮನ ಜೊತೆ ನಿಂತೆ, ಈಗ ಒಬ್ಬಳೇ ನೋಡಿಕೊಳ್ಳುತ್ತೇನೆ. ಗಿರಣಿ ಓಡುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ರಾಗಿ ತಂದವರು ಬೆರಳು ಉಜ್ಜಿ ನುಣ್ಣಗೆ ಬೇಕು ಎಂದು ತೋರಿಸುತ್ತಾರೆ, ನಾನು ತಲೆಯಾಡಿಸುತ್ತೇನೆ. ರಜಾ ದಿನ ತಂಗಿ ಬಂದು ಕೂತರೆ ನನಗಿಂತ ಚೆನ್ನಾಗಿ ಗಿರಾಕಿಗಳನ್ನು ಸುಧಾರಿಸುತ್ತಿದ್ದಳು. ಅವಳಿಗೆ ಕಿವಿ ಕೇಳುವುದಿಲ್ಲ ಎನ್ನುವುದು ಅಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಡಿಜೆ ಯೋಚನೆ ನನಗೆ ಬಂದದ್ದು ಅಲ್ಲಿಂದಲೇ.

ಕಿವಿ ವಿಷಯ ತಿಳಿದು ಅವಳಿಗೆ ಬಂದ ಎರಡು ಸಂಬಂಧ ಮುರಿದಿದ್ದವು. ಮೂರನೆಯವನು ಜಯನಗರದಲ್ಲಿ ಅವಳ ಆಫೀಸಿನಲ್ಲೇ ಕೆಲಸ ಮಾಡುವ ಹುಡುಗ. ಮನೆಗೆ ಬಂದಾಗ ನಾನು ಕಿವಿಯ ಮಾತು ತೆಗೆದೆ.

“ನಂಗೆ ಗೊತ್ತಿರೋದೇ ಅಲ್ವಾ ಅಕ್ಕ” ಎಂದ. “ಅಮ್ಮಂಗೆ ನಾನ್ ಹೇಳ್ತೀನಿ ಬಿಡಿ.”

ಹೇಳಿದನೋ ಇಲ್ಲವೋ ನಾನು ಕೇಳಲಿಲ್ಲ. ತಂಗಿಯನ್ನೂ ಕೇಳಲಿಲ್ಲ. ಇನ್ನೂ ಹೇಳಿಲ್ಲ ಅಂದುಬಿಟ್ಟರೆ ಏನು ಮಾಡುವುದು ಎಂದು ಸುಮ್ಮನಿದ್ದೆ. ಇಷ್ಟಕ್ಕೆಲ್ಲ ಕಾರಣ ಆ ಒಂದು ಮಾತು ಕೇಳದೆ ಇದ್ದದ್ದು.

ಮದುವೆಗೆ ತಂಗಿ ಕೇಳಿದ್ದು ಒಂದೇ. ಸೀರೆ ಅಮ್ಮ ಆರಿಸಿದಳು, ಛತ್ರ ನಾನು ನೋಡಿದೆ, ಎಲ್ಲದಕ್ಕೂ ಹೂಂ ಅಂದಳು. ಆರತಕ್ಷತೆಗೆ ಮಾತ್ರ ವಯಲಿನ್, ಮೃದಂಗ ಇರಲಿ ಎಂದಳು. ಬನಶಂಕರಿಯಲ್ಲಿ ಯಾರದೋ ಗೃಹಪ್ರವೇಶದಲ್ಲಿ ಒಬ್ಬ ಹೆಂಗಸು ವಯಲಿನ್ ನುಡಿಸಿದ್ದನ್ನು ಮುಂದೆಯೇ ಕೂತು ನೋಡಿದ್ದಳಂತೆ.

“ಸ್ಪೀಕರಲ್ಲಿ ಹಾಕೋದು ನಂಗೆ ಬರೀ ಗದ್ದಲ ಅಕ್ಕ. ಎದುರಿಗೆ ಕೂತು ನುಡಿಸ್ಬೇಕು. ಕೈ ಕಾಣ್ಸಿದ್ರೆ ಕೇಳ್ಸುತ್ತೆ.”

“ಇದ್ಯಾವ ಸೀಮೆ ಕಿವಿನೇ ನಿಂದು” ಎಂದು ಅಮ್ಮ ನಕ್ಕಳು.

“ನಿನ್ ಕಿವಿ ಚೆನ್ನಾಗಿದ್ಯಲ್ಲ, ಕರೆದ್ರೆ ಓ ಅಂತೀಯಾ?” ಎಂದಳು ತಂಗಿ.

ಜಯನಗರದಲ್ಲಿ ಆ ವಯಲಿನ್ ಮೇಡಂ ಮನೆಗೆ ಇಬ್ಬರೂ ಹೋದೆವು. ಅವರು ಚಾಪೆ ಹಾಕಿ ಕೂತು ಹಳೇ ಸಿನಿಮಾ ಹಾಡೊಂದನ್ನು ನುಡಿಸಿದರು. ತಂಗಿ ಅವರ ಮಂಡಿಗೆ ತಾಗುವಷ್ಟು ಹತ್ತಿರ ಕೂತಳು. ಮುಗಿದ ಮೇಲೆ, “ಇನ್ನೊಂದ್ಸಲ ನುಡಿಸ್ತೀರಾ ಮೇಡಂ, ಮಧ್ಯದಿಂದ” ಎಂದಳು. ಅವರು ನುಡಿಸಿದರು. ಅವಳ ತುಟಿ ಹಾಡಿನ ಜೊತೆ ಸರಿಯಾಗಿ ಆಡುತ್ತಿತ್ತು. ಆ ಹಾಡನ್ನು ಚಿಕ್ಕವಳಿದ್ದಾಗ ಹಾಡಿಕೊಳ್ಳುತ್ತಿದ್ದಳು. ವೇದಿಕೆ ಪಕ್ಕದಲ್ಲೇ ಕೂರುತ್ತೇವೆ ಎಂದು ಮೇಡಂ ಒಪ್ಪಿದರು.

ನಮ್ಮ ಕಡೆ ಆರತಕ್ಷತೆ ಮೊದಲ ದಿನ ಸಂಜೆ, ತಾಳಿ ಮಾರನೇ ದಿನ ಬೆಳಿಗ್ಗೆ. ಅಂದರೆ ತಾಳಿ ಕಟ್ಟುವ ಮುಂಚೆಯೇ ಹುಡುಗಿ ವೇದಿಕೆಯ ಮೇಲೆ ಎರಡೂವರೆ ಗಂಟೆ ನಿಲ್ಲಬೇಕು. ಹುಡುಗನ ಕಡೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಮಾತಾಡಿಸುತ್ತಾರೆ. ಕಾರ್ಡು ಕೊಡಲು ಹೋದಾಗ ಹುಡುಗನ ಸೋದರತ್ತೆ ನನ್ನನ್ನು ಹಿಡಿದುಕೊಂಡು, “ನಿನ್ ತಂಗಿ ಮಾತೇ ಆಡಲ್ವಲ್ಲಮ್ಮ, ಅವತ್ತು ಕೂಗಿದ್ರೂ ತಿರುಗ್ಲಿಲ್ಲ. ಜಂಬವೋ ನಾಚಿಕೆಯೋ? ಸ್ಟೇಜಲ್ಲಿ ವಿಚಾರಿಸ್ಕೋತೀನಿ ಇರು” ಎಂದರು. ತಮಾಷೆಗೇ ಅಂದದ್ದು. ವಯಲಿನ್ ಮೆಲ್ಲಗೆ ನುಡಿಯುತ್ತಿದ್ದರೆ ಈಯಮ್ಮ ಕೇಳುವುದು ಸುತ್ತ ಇದ್ದವರಿಗೆಲ್ಲ ಕೇಳುತ್ತದೆ, ತಂಗಿ ಉತ್ತರ ಕೊಡದೆ ನಿಂತದ್ದೂ ಕಾಣುತ್ತದೆ. ಬೆಳಗಾಗುವುದರೊಳಗೆ ಏನು ಬೇಕಾದರೂ ಆಗಬಹುದು ಎಂದುಕೊಂಡೆ.

ಮಾರನೇ ದಿನ ಗಿರಣಿ ನಿಲ್ಲಿಸಿ ವಯಲಿನ್ ಮೇಡಂಗೆ ಫೋನ್ ಮಾಡಿ ಬೇಡ ಎಂದೆ. ತಂಗಿಗೆ, ಆ ದಿನ ಅವರಿಗೆ ಬೇರೆ ಕಡೆ ಕಛೇರಿ ಬಂದಿದೆಯಂತೆ ಎಂದೆ. ಅವಳ ಎದುರು ನಿಂತು, ಅವಳಿಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದೆ.

“ಬೇರೆ ಯಾರೂ ಸಿಗಲ್ವಾ?”

“ಮುಹೂರ್ತದ ದಿನಗಳು. ಎಲ್ಲಾ ಬುಕ್ ಆಗ್ಬಿಟ್ಟಿದಾರೆ.”

“ಸರಿ ಬಿಡು” ಎಂದಳು.

ಡಿಜೆಯವನು ಬಿ.ಟಿ.ಎಂ.ನವನು. ಸೌಂಡ್ ಎಷ್ಟು ಇಡಬೇಕು ಎಂದು ಕೇಳಿದ.

“ಸ್ಟೇಜ್ ಮೇಲೆ ಮಾತಾಡಿದ್ರೆ ಕೇಳ್ಬಾರ್ದು. ಅಷ್ಟು.”

“ಎಲ್ರೂ ಕಮ್ಮಿ ಮಾಡಪ್ಪ ಅಂತ ಬೈತಾರೆ. ನೀವೊಬ್ರೇ ಅಕ್ಕ ಹಿಂಗ್ ಹೇಳಿದ್ದು” ಎಂದು ನಕ್ಕ.

ನಾನು ಹೇಳಿದ ಹಾಗೇ ಮಾಡಿದ. ಏಳು ಗಂಟೆಗೆ ಶುರುವಾಯಿತು. ಛತ್ರದ ಕುರ್ಚಿಗಳು ನಡುಗುತ್ತಿದ್ದವು. ಜನ ವೇದಿಕೆ ಹತ್ತುವುದು, ಕೈ ಕುಲುಕುವುದು, ಕವರ್ ಕೊಡುವುದು, ಫೋಟೋಗೆ ನಿಂತು ಇಳಿಯುವುದು, ಅಷ್ಟೇ. ಸೋದರತ್ತೆ ಏನೋ ಹೇಳಿದರು, ತಂಗಿ ನಕ್ಕು ಅವರ ಕೈ ಹಿಡಿದುಕೊಂಡಳು, ಅವರೂ ನಕ್ಕರು. ನಾನು ಎಣಿಸಿದ ಹಾಗೇ ಎಲ್ಲ ನಡೆಯಿತು. ನಾನು ವೇದಿಕೆಯ ಮೆಟ್ಟಿಲ ಹತ್ತಿರವೇ ನಿಂತಿದ್ದೆ. ಅರ್ಧ ಗಂಟೆಯಾದ ಮೇಲೆ ತಂಗಿ ನನ್ನನ್ನು ಕಣ್ಣಲ್ಲೇ ಕರೆದಳು. ಜಡೆ ಹೂವಿನ ಹಿಂದೆ ಬೆರಳು ಹಾಕಿ ಕಿವಿ ಮಿಷನ್ ತೆಗೆದು ನನ್ನ ಕೈಗಿಟ್ಟಳು. “ತಲೆ ಸಿಡೀತಿದೆ. ಇಟ್ಕೊ” ಎಂದದ್ದು ತುಟಿಯಲ್ಲಿ ಗೊತ್ತಾಯಿತು. ಮತ್ತೆ ಹುಡುಗನ ಪಕ್ಕ ಹೋಗಿ ನಿಂತಳು. ಅಲ್ಲಿಂದ ಮುಂದೆ ಅವಳ ಆರತಕ್ಷತೆಯಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ.

ಒಂಬತ್ತರ ಸುಮಾರಿಗೆ ಹುಡುಗನ ತಾಯಿ ವೇದಿಕೆ ಹತ್ತಿದರು. ತಂಗಿಯ ನೇರ ಎದುರಿಗೆ ಬಂದು, ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಕೇಳಿದರು. “ಸುಸ್ತಾಯ್ತಾ? ಸ್ವಲ್ಪ ಕೂತ್ಕೊ.” ಗಿರಣಿಯಲ್ಲಿ ಇದ್ದು ಇದ್ದು ನನಗೂ ತುಟಿ ನೋಡಿ ಅಷ್ಟಿಷ್ಟು ತಿಳಿಯುತ್ತದೆ. ಹೊಸದಾಗಿ ಕಲಿತವರು ಹಾಗೆ ಮಾತಾಡುವುದಿಲ್ಲ. ಬಹಳ ದಿನದಿಂದ ಅಭ್ಯಾಸ ಇರುವವರ ಹಾಗೆ ಮಾತಾಡಿದರು. ತಂಗಿ ತಲೆಯಾಡಿಸಿ ಕೂತಳು.

ಅವರು ಕೆಳಗಿಳಿದು ಬಂದು ನನ್ನ ಕಿವಿಗೆ ಬಾಯಿಟ್ಟು ಕೂಗಿದರು. “ಸೌಂಡ್ ಕಮ್ಮಿ ಮಾಡ್ಸಮ್ಮ. ಮಗು ಕಿವಿಗೆ ಆಗುತ್ತಾ ಇದು? ನನ್ ಮಗ ಮೊದ್ಲ ದಿನಾನೇ ಹೇಳಿದ್ದ, ನೀವ್ ಮನೆಯವ್ರೇ ಹಿಂಗ್ ಮಾಡಿದ್ರೆ? ಯಾರ್ ಹೇಳಿದ್ದು ಡಿಜೆ ಇಡಿ ಅಂತ?”

“ಹುಡುಗ್ರು ಆಸೆ ಪಟ್ರು ಅತ್ತೆ” ಎಂದೆ. ನಮ್ಮ ಮನೆಯಲ್ಲಿ ಹಾಗೆ ಆಸೆ ಪಡುವ ಹುಡುಗರು ಯಾರೂ ಇಲ್ಲ.

ಡಿಜೆಯವನ ಹತ್ತಿರ ಹೋಗಿ ಹೇಳಿದೆ. ಕಡಿಮೆ ಮಾಡಿದ. ವೇದಿಕೆಯ ಮೇಲೆ ತಂಗಿಗೆ ಅದೂ ಗೊತ್ತಾಗಲಿಲ್ಲ. ಮಿಷನ್ ವಾಪಸ್ ಕೊಡಬೇಕು ಎಂದು ನನಗೆ ಹೊಳೆಯಲಿಲ್ಲ. ಊಟದ ಹಾಲ್ ಕೆಳಗಿತ್ತು, ಹೋಳಿಗೆ ಸಾಲುತ್ತದೋ ಇಲ್ಲವೋ ನೋಡಲು ಇಳಿದೆ. ಅಲ್ಲಿ ಸದ್ದು ಕಡಿಮೆ ಇತ್ತು. ನನ್ನ ಮುಷ್ಟಿಯೊಳಗಿಂದ ಕುಂಯ್ ಎಂದು ಸಣ್ಣಗೆ ಸಿಳ್ಳೆಯ ಹಾಗೆ ಕೇಳಿಸಿತು. ಕಿವಿಯಿಂದ ತೆಗೆದು ಕೈಯಲ್ಲಿ ಮುಚ್ಚಿಕೊಂಡರೆ ಕಿವಿ ಮಿಷನ್ ಹಾಗೆ ಕೂಗುತ್ತದೆ. ಬಡಿಸುತ್ತಿದ್ದವನು ತಿರುಗಿ ನೋಡಿದ. ಉಗುರಿನಿಂದ ಅದರ ಬ್ಯಾಟರಿ ಬಾಗಿಲು ಬಿಡಿಸಿದೆ, ನಿಂತಿತು. ಪಂಕ್ತಿ ಮುಗಿಯುವವರೆಗೂ ಅಲ್ಲೇ ನಿಂತಿದ್ದೆ. ಅಳು ಬರಲಿಲ್ಲ. ಏನೂ ಆಗಲಿಲ್ಲ. ಎಲೆ ತೆಗೆಯುವವರನ್ನು ನೋಡುತ್ತಿದ್ದೆ.

ಬೆಳಿಗ್ಗೆ ತಾಳಿ ಕಟ್ಟಿದ್ದಾಯಿತು.

ಆಷಾಢಕ್ಕೆ ತಂಗಿ ಮನೆಗೆ ಬಂದಳು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತ ತಾನಾಗಿಯೇ ಹೇಳಿದಳು. “ಆ ವಯಲಿನ್ ಮೇಡಂ ಬನಶಂಕರಿ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರು. ಅವತ್ತು ಅವ್ರು ಮನೇಲೇ ಇದ್ರಂತೆ.”

ಹೇಳಿ ನನ್ನ ಬಾಯಿಯನ್ನೇ ನೋಡುತ್ತ ಕೂತಳು. ಕೋಪ ಇರಲಿಲ್ಲ. ಉತ್ತರ ಬರುತ್ತದೆ ಎಂದು ಕಾಯುತ್ತಿದ್ದಳು ಅಷ್ಟೇ.

ನಾನು ಒಲೆಯ ಕಡೆ ತಿರುಗಿದೆ. ಬೆನ್ನು ಹಾಕಿಕೊಂಡು, ಗಟ್ಟಿಯಾಗಿಯೇ, “ನಾನೇ ಬೇಡ ಅಂದೆ ಕಣೆ. ನಾನೇ ಸುಳ್ಳು ಹೇಳಿದ್ದು” ಎಂದೆ. ಮಿಷನ್ ಇದ್ದರೂ ತುಟಿ ಕಾಣದೆ ಆಡಿದ ಮಾತು ಅವಳಿಗೆ ತಿಳಿಯುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಹಜಾರದಲ್ಲಿದ್ದ ಅಮ್ಮ ಮಾತ್ರ, “ಯಾರ್ ಜೊತೆ ಮಾತಾಡ್ತಿದೀಯೇ?” ಎಂದಳು.

“ಏನಾದ್ರೂ ಅಂದ್ಯಾ ಅಕ್ಕ?” ಎಂದು ತಂಗಿ ಕೇಳಿದಳು. ನನ್ನ ತಲೆ ಅಲ್ಲಾಡಿದ್ದು ಕಂಡಿರಬೇಕು.

ತಿರುಗಿ, ತುಟಿ ಕಾಣುವ ಹಾಗೆ, “ಏನಿಲ್ಲ, ಊಟಕ್ಕೆ ಏಳು” ಎಂದೆ.

ಹೋದ ವರ್ಷ ಅವಳ ಎಡಗಿವಿಯೂ ಪೂರ್ತಿ ನಿಂತಿತು. ಈಗಲೂ ಭಾನುವಾರ ಬರುತ್ತಾಳೆ. ನನ್ನೆದುರು ಕೂತು ನನ್ನ ತುಟಿ ನೋಡುತ್ತಾಳೆ. ಅಮ್ಮನ ಮಂಡಿನೋವು, ಪಕ್ಕದ ಬೀದಿಯಲ್ಲಿ ಎದ್ದಿರುವ ಹೊಸ ಅಪಾರ್ಟ್‌ಮೆಂಟು, ಎಲ್ಲವನ್ನೂ ಅವಳಿಗೆ ಒಂದೊಂದಾಗಿ, ನಿಧಾನವಾಗಿ ಹೇಳುತ್ತೇನೆ.