ಲಿಫ್ಟಿನ ಎದುರಿನ ಜಗಲಿ

ನವಿ ಮುಂಬಯಿಯ ಖಾರಘರ್‌ನಲ್ಲಿ ಹೊಸದಾಗಿ ಎದ್ದ ಟವರೊಂದರ ಎತ್ತರದ ಮಹಡಿ. ಫ್ಲ್ಯಾಟು ಖಾಲಿಯಿತ್ತು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹಾಲಿನ ನಡುವೆ ನಿಂತು, ಅದನ್ನು ಕೊಂಡ ಹಿರಿಯರು ಎರಡೂ ಕೈ ಅಗಲಿಸಿ, "ದೊಡ್ಡ ಹೋಟೆಲುಗಳ ಲಾಬಿ ನೋಡಿದ್ದೀರಲ್ಲ, ಹಾಗೆ ಆಗ್ಬೇಕು. ಒಳಗೆ ಬಂದವರು ಒಂದು ಗಳಿಗೆ ನಿಂತು ನೋಡ್ಬೇಕು," ಎಂದರು.

ನಾನು ಮನೆಗಳ ಇಂಟೀರಿಯರ್ ಮಾಡುವವಳು. ಮೈಸೂರಿನಿಂದ ಮದುವೆಯಾಗಿ ಠಾಣೆಗೆ ಬಂದಂದಿನಿಂದ ಇದೇ ನನ್ನ ಕೆಲಸ. ಲಾಬಿ ಬೇಕು ಎನ್ನುವವರು ನನಗೆ ಹೊಸಬರಲ್ಲ. ಆದರೆ ಇವರ ಮಾತಿನಲ್ಲಿ ಜಂಬವಿರಲಿಲ್ಲ, ಬಹಳ ಕಾಲದಿಂದ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡ ಮನೆಯೊಂದನ್ನು ತೋರಿಸುವ ಆತುರವಿತ್ತು. ಉಡುಪಿ ಕಡೆಯವರು. ಉಲ್ಹಾಸನಗರದ ಪೇಟೆಯಲ್ಲಿ ಹೋಟೆಲು ನಡೆಸಿ, ಅದರ ಮೇಲಿನ ಎರಡು ಕೋಣೆಗಳಲ್ಲೇ ಸಂಸಾರ ಮಾಡಿದವರು. ಮಗಳ ಮದುವೆಯಾಗಿತ್ತು. ಹೋಟೆಲನ್ನು ತಮ್ಮನ ಮಗನಿಗೆ ಒಪ್ಪಿಸಿ ಗಂಡ ಹೆಂಡತಿ ಇಲ್ಲಿಗೆ ಬರುವುದೆಂದು ತೀರ್ಮಾನವಾಗಿತ್ತು.

ಅವರ ಹೆಂಡತಿ ಅಷ್ಟು ಹೊತ್ತೂ ಒಂದೊಂದೇ ಕಿಟಕಿ ತೆಗೆದು ಕೆಳಗೆ ಬಗ್ಗಿ ನೋಡುತ್ತಿದ್ದರು. "ನಿಮಗೆ ಏನು ಬೇಕು ಹೇಳಿ ಅಮ್ಮ," ಎಂದು ಕೇಳಿದೆ.

"ಅವರು ಹೇಳಿದ ಹಾಗೆ ಮಾಡಿ," ಎಂದರು.

ಹಾಗೆಯೇ ಮಾಡಿದೆ. ಹಾಲಿಗೆ ಇಟಾಲಿಯನ್ ಮಾರ್ಬಲ್, ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಅಡಗಿದ ದೀಪ, ಗುಡ್ಡದ ಕಡೆಗೆ ಮುಖ ಮಾಡಿದ ಉದ್ದನೆಯ ಸೋಫಾ. ಮುಖ್ಯ ಬಾಗಿಲಿನ ಒಳಗೆ, ಬಂದವರು ನಿಂತು ನೋಡಬೇಕಾದಲ್ಲಿ, ಕರಿಕಲ್ಲಿನ ಗೋಡೆಯ ಮೇಲಿಂದ ನೀರು ಇಳಿಯುವ ಕಾರಂಜಿ. ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಯಜಮಾನರ ಮುಖ ಅರಳಿತು. ಅವರ ಹೆಂಡತಿ ಕನ್ನಡಕ ಹಾಕಿಕೊಂಡು ಪ್ರತಿ ಚಿತ್ರವನ್ನೂ ನಿಧಾನವಾಗಿ ನೋಡಿ, "ಇದ್ರಲ್ಲಿ ನಾನು ಎಲ್ಲಿ ಕೂತ್ಕೊಳ್ಳುದು?" ಎಂದು ಕೇಳಿದರು.

ನಾನು ಸೋಫಾ ತೋರಿಸಿದೆ.

"ಅದು ಬಂದವರಿಗೆ ಅಲ್ವಾ?"

ಈಗಿನ ಮನೆಯಲ್ಲಿ ಇವರು ಎಲ್ಲಿ ಕೂರುತ್ತಾರೆಂದು ನೋಡದೆ ಮುಂದುವರಿಯುವಂತಿರಲಿಲ್ಲ. ಮರುವಾರ ಠಾಣೆಯಿಂದ ಲೋಕಲ್ ಹಿಡಿದು ಉಲ್ಹಾಸನಗರಕ್ಕೆ ಹೋದೆ. ಹೋಟೆಲಿನ ಪಕ್ಕದ ಮೆಟ್ಟಿಲು ಹತ್ತಿದರೆ ಅರ್ಧದಲ್ಲೇ ಒಂದು ಕಿಟಕಿ, ಅದರ ಕೆಳಗೆ ಕಾಲು ಮಡಚಿ ಕೂರುವಷ್ಟು ಅಗಲದ ಕಟ್ಟೆ. ಆಯಮ್ಮ ಅಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದರು. ನನ್ನನ್ನೂ ಕೂರಿಸಿಕೊಂಡರು. ನಾವು ಮಾತಾಡುತ್ತಿದ್ದ ಹೊತ್ತಿನಲ್ಲೇ ಬಟ್ಟೆ ಅಂಗಡಿಯ ಸಿಂಧಿ ಹೆಂಗಸು ಕೆಳಗಿಂದ ಕೂಗಿ ಸೊಸೆಗೆ ಜ್ವರ ಬಿಟ್ಟ ಸುದ್ದಿ ಹೇಳಿದಳು. ಮೇಲಿನ ಮನೆಯ ಮರಾಠಿ ಅಜ್ಜಿ ಮೆಟ್ಟಿಲಲ್ಲಿ ಸುಧಾರಿಸಿಕೊಳ್ಳಲು ನಿಂತು, ಒಂದು ಹಿಡಿ ಅಲಸಂಡೆ ಮುರಿದುಕೊಟ್ಟು ಹೋದಳು.

ಠಾಣೆಗೆ ಹಿಂತಿರುಗಿ, ಹೊಸ ಮನೆಯ ನಕ್ಷೆಯಲ್ಲಿ ಹಾಲಿನ ದೊಡ್ಡ ಕಿಟಕಿಗೆ ಅಷ್ಟೇ ಅಗಲದ ಕಟ್ಟೆ ಬರೆದೆ. ಅಳತೆ ತಿಳಿಯಲೆಂದು ಬಡಗಿಯಿಂದ ಪ್ಲೈವುಡ್ಡಿನಲ್ಲಿ ಒಂದನ್ನು ಮಾಡಿಸಿ ಫ್ಲ್ಯಾಟಿನಲ್ಲಿ ಇಟ್ಟೆ. ಗಂಡನೊಂದಿಗೆ ಬಂದ ಆಯಮ್ಮ ಅದರ ಮೇಲೆ ಕೂತರು, ಮಡಚಿದ ಕಾಲು ಸರಿಮಾಡಿಕೊಂಡರು. ಎದುರಿಗೆ ಹಸಿರು ಗುಡ್ಡ, ಅದರ ಮೇಲೆ ಮೋಡದ ನೆರಳು. ತುಂಬಾ ಹೊತ್ತು ನೋಡಿದರು.

"ಚಂದ ಉಂಟು," ಎಂದರು. "ಆದ್ರೆ ಯಾರೂ ಇಲ್ಲ."

ಯಜಮಾನರು ಒಮ್ಮೆಲೇ ತುಳುವಿನಲ್ಲಿ ಏನೋ ಹೇಳಿದರು. ನನಗೆ ತುಳು ಅಷ್ಟಾಗಿ ಬಾರದು. ಆದರೂ ಸಿಟ್ಟಿನ ಅಡಿಯಲ್ಲಿ ನೋವಿದೆಯೆಂದು ತಿಳಿಯಿತು. ಅವರು ನನ್ನತ್ತ ತಿರುಗಿ, "ನೋಡಿ ಮಾರಾಯ್ರೆ, ಇಷ್ಟು ವರ್ಷ ಇವಳು ಎಣ್ಣೆ ಹೊಗೆ ಕುಡಿದಿದ್ದಾಳೆ. ಕೆಳಗೆ ಪಾತ್ರೆ ತೊಳೆಯುವ ಸದ್ದಿನಲ್ಲಿ ಮಲಗಿದ್ದಾಳೆ. ಶಾಂತಿ ಇರ್ಲಿ ಅಂತ ಈ ಮನೆ ತಗೊಂಡದ್ದು. ಈಗ ಯಾರೂ ಇಲ್ಲ ಅಂತ ಹೇಳ್ತಾಳೆ," ಎಂದರು.

ಆಯಮ್ಮ ಉತ್ತರವನ್ನು ಕನ್ನಡದಲ್ಲೇ ಕೊಟ್ಟರು, ನನಗೂ ತಿಳಿಯಲೆಂದು. "ನಿಮಗೆ ದಿನಾ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ತಗೊಳ್ತಾ ಕೂತು ಊರಿಡೀ ಜನ ನೋಡಿ ಸಾಕಾಗಿದೆ. ನಿಮಗೆ ಶಾಂತಿ ಬೇಕು, ಸರಿ. ನನಗೆ ಮಾತಾಡ್ಲಿಕ್ಕೆ ಇದ್ದದ್ದು ಆ ಮೆಟ್ಟಿಲು ಒಂದೇ. ಬರುದಿಲ್ಲ ಅಂತ ನಾನು ಹೇಳ್ಲಿಲ್ಲ. ಬರ್ತೇನೆ. ಕೂತ್ಕೊಳ್ಳುದು ಎಲ್ಲಿ ಅಂತ ಕೇಳಿದ್ದು."

ಗಲ್ಲೆಯ ಮಾತು ಯಜಮಾನರಿಗೆ ತಾಗಿತ್ತು. "ಇಲ್ಲಿ ಜನ ಎಲ್ಲಿಂದ ತರ್ಲಿ?" ಎಂದು ಮೆಲ್ಲಗೆ ಕೇಳಿದರು.

ಆಗ ಹೊರಗೆ ಲಿಫ್ಟು ನಿಂತ ಸದ್ದಾಯಿತು. ಎದುರು ಮನೆಗೆ ಯಾರೋ ಬಂದು ಚಪ್ಪಲಿ ಬಿಡುತ್ತಿದ್ದರು. ಆಯಮ್ಮನ ಕಣ್ಣು ತಾನಾಗಿ ಆ ಕಡೆ ಹೋಯಿತು. ನಾನು ಹೇಳಿದೆ: "ಸರ್, ಕಾರಂಜಿ ಬೇಡ. ಆ ಜಾಗದಲ್ಲಿ ಒಂದು ಜಗಲಿ ಮಾಡೋಣ. ಹೊರಗಡೆ ಜಾಲರಿಯ ಸೇಫ್ಟಿ ಡೋರ್ ಹಾಕೋಣ. ಹಗಲು ಮರದ ಬಾಗಿಲು ತೆಗೆದಿಟ್ರೆ ಲಿಫ್ಟಿನಿಂದ ಬರೋರು ಹೋಗೋರು ಎಲ್ಲ ಕಾಣ್ತಾರೆ."

"ಲಾಬಿಯಲ್ಲಿ ಜಗಲಿಯಾ?" ಎಂದರು. ಕಾರಂಜಿಯ ಜಾಗಕ್ಕೆ ಹೋಗಿ ನಿಂತು ಲಿಫ್ಟಿನತ್ತ ನೋಡಿದರು, ಹೆಂಡತಿಯತ್ತ ನೋಡಿದರು. ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಜಗಲಿಯೂ ಇಟಾಲಿಯನ್ ಮಾರ್ಬಲಿನದ್ದೇ ಆಗಬೇಕು, ಅದರ ಅಡಿಯಲ್ಲಿ ದೀಪ ಉರಿಯಬೇಕು. ಚಪ್ಪಲಿ ಇಡಲು ಅದರ ಕೆಳಗೆ ಡ್ರಾಯರ್ ಮಾಡೋಣವೆಂದು ನಾನು ಸೂಚಿಸಿದಾಗ ಆಯಮ್ಮ, "ತರಕಾರಿ ಇಟ್ಕೊಳ್ಳುವ ಜಾಗದ ಅಡಿಯಲ್ಲಿ ಚಪ್ಪಲಿ ಆಗ್ಲಿಕ್ಕಿಲ್ಲ," ಎಂದು ಮೊದಲ ಸಲ ಆಜ್ಞೆ ಕೊಟ್ಟರು. ಅಲ್ಲಿಂದ ಮುಂದೆ ಅಡುಗೆಮನೆಯ ಕಪಾಟಿನ ಹಿಡಿಯವರೆಗೂ ಎಲ್ಲದಕ್ಕೂ ಅವರದೊಂದು ಮಾತು ಇರುತ್ತಿತ್ತು. ನನಗೆ ಕೆಲಸ ಹೆಚ್ಚಾಯಿತು, ಬೇಸರವಾಗಲಿಲ್ಲ.

ಕೆಲಸ ಮುಗಿದು ಅವರು ವಾಸಕ್ಕೆ ಬಂದ ಮೇಲೆ, ಮೊದಮೊದಲು ಆ ಮಹಡಿಯವರು ಜಾಲರಿಯ ಹಿಂದೆ ಕೂತ ಹೆಂಗಸನ್ನು ನೋಡಿ ಮುಗುಳ್ನಕ್ಕು ಹೋಗುತ್ತಿದ್ದರಂತೆ. ಎದುರು ಮನೆಯ ಗುಜರಾತಿ ಸೊಸೆ ಒಂದು ದಿನ ಬಸಳೆ ಸೊಪ್ಪು ನೋಡಿ, ಇದೇನೆಂದು ಹಿಂದಿಯಲ್ಲಿ ಕೇಳಿದಳಂತೆ. ಮಧ್ಯಾಹ್ನ ಅವಳ ಮನೆಗೆ ಬಸಳೆ ಸಾಂಬಾರು ಹೋಯಿತು, ಸಂಜೆ ಡಬ್ಬ ವಾಪಸು ಕೊಡಲು ಬಂದವಳು ಜಗಲಿಯಲ್ಲೇ ಕೂತಳು.

ಚಳಿಗಾಲದಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಜಗಲಿಯಲ್ಲಿ ಮೂವರು ಹೆಂಗಸರು ಬಟಾಣಿ ಸುಲಿಯುತ್ತಿದ್ದರು. ಕಲ್ಲು ತಣ್ಣಗಾಗುತ್ತದೆಂದು ಅದರ ಮೇಲೆ ಉದ್ದಕ್ಕೂ ಚಾಪೆ ಹಾಸಿತ್ತು. ಯಜಮಾನರು ಒಳಗೆ ದೊಡ್ಡ ಸೋಫಾದಲ್ಲಿ ಕಾಲು ಚಾಚಿ, ರಿಮೋಟಿನಿಂದ ಸೀಲಿಂಗಿನ ದೀಪದ ಬಣ್ಣ ಬದಲಿಸಿ ನೋಡುತ್ತಿದ್ದರು. ನನ್ನನ್ನು ಕಂಡು ಎದ್ದು ಬಂದರು.

"ಇಟಲಿಯಿಂದ ಬಂದ ಕಲ್ಲು, ಚಾಪೆ ಹಾಕಿ ಮುಚ್ಚಿದ್ದಾರೆ. ಬಂದವರೆಲ್ಲ ಅಲ್ಲೇ ಕೂತು ಹೋಗ್ತಾರೆ. ಒಳಗಿನ ಹಾಲ್ ನೋಡಿದವರೇ ಕಡಿಮೆ," ಎಂದು ದೂರಿದರು.

"ಚಾ ಆಯ್ತು, ಬನ್ನಿ," ಎಂದು ಆಯಮ್ಮ ಜಗಲಿಯಿಂದಲೇ ಕರೆದರು.

"ಇಲ್ಲಿಗೆ ಕಳಿಸು ಮಾರಾಯ್ತಿ."

"ಬೇಕಾದ್ರೆ ನೀವೇ ಬನ್ನಿ."

ಅವರು ನನ್ನ ಮುಖ ನೋಡಿ ನಕ್ಕು, ರಿಮೋಟನ್ನು ಸೋಫಾದ ಮೇಲಿಟ್ಟು ಹೊರಟರು. ಹೆಂಗಸರು ಒತ್ತಿಕೊಂಡು ಅವರಿಗೂ ನನಗೂ ಜಾಗ ಮಾಡಿಕೊಟ್ಟರು.