ವಿಸಿಟ್ ವೀಸಾದಲ್ಲಿ ಬಂದ ಕ್ಯಾಪ್ಟನ್

ವಾರಿಜಕ್ಕ ಮಸ್ಕತ್ ಏರ್‌ಪೋರ್ಟಿನಿಂದ ಹೊರಗೆ ಬಂದು ಮಗನ ಕಾರಿನಲ್ಲಿ ಕೂತವರೇ ಕೇಳಿದ ಮೊದಲ ಪ್ರಶ್ನೆ, "ನಮ್ಮ ತಂಡದವರ ಪ್ರಾಕ್ಟೀಸ್ ಈಗ ಎಷ್ಟು ಗಂಟೆಗೆ?"

ಬಂದಿದ್ದು ಸೊಸೆಯ ಬಾಣಂತನಕ್ಕೆ. ಸೂಟ್‌ಕೇಸಿನಲ್ಲಿ ಲೇಹ್ಯದ ಡಬ್ಬ, ಮಗುವಿಗೆ ಸುತ್ತಲು ಹಳೇ ಕಾಟನ್ ಸೀರೆಗಳು, ಅವುಗಳ ಅಡಿಯಲ್ಲಿ ಒಂದು ಜೊತೆ ಸ್ಪೋರ್ಟ್ಸ್ ಶೂ. (ಕಸ್ಟಮ್ಸ್‌ನವರು ಲೇಹ್ಯವನ್ನು ಮೂಸಿ ನೋಡಿ ಬಿಟ್ಟರಂತೆ. ಶೂ ಯಾಕೆ ಅಂತ ಕೇಳಿದ್ದು ಸೊಸೆ.)

ಈ ಅಂಕಣವನ್ನು ಮೊದಲಿಂದ ಓದುತ್ತಿರುವವರಿಗೆ ಮಸ್ಕತ್ತಿನ ನಮ್ಮ ದಾರ್ಸೈಟ್ ಬಡಾವಣೆಯ ಹೆಂಗಸರ ಥ್ರೋಬಾಲ್ ತಂಡ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಕರಾವಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದ ನಾವೊಂದಷ್ಟು ಜನ ಶಾಲೆಯಲ್ಲಿ ಆಡಿದ ಆಟವನ್ನು ಇಲ್ಲೂ ಮುಂದುವರಿಸಿದೆವು. ಶುರು ಮಾಡಿದ್ದು ವಾರಿಜಕ್ಕ, ಮೊದಲ ಕ್ಯಾಪ್ಟನ್ನೂ ಅವರೇ. ನೆಟ್ ಕಟ್ಟಲು ಜಾಗ ಹುಡುಕಿದ್ದು, ಗಂಡಂದಿರನ್ನು ಒಪ್ಪಿಸಿದ್ದು, ಇಲ್ಲಿನ ಕನ್ನಡ ಕೂಟದವರ ಬೆನ್ನು ಹತ್ತಿ ಪ್ರತಿ ಚಳಿಗಾಲಕ್ಕೆ ಒಂದು ಟೂರ್ನಮೆಂಟ್ ಮಾಡಿಸಿದ್ದು, ಎಲ್ಲ ಅವರೇ. ಗಂಡ ರಿಟೈರ್ ಆದ ಮೇಲೆ ಇಬ್ಬರೂ ಉಡುಪಿಗೆ ಹೋದರು. ನಾನು ಮಂಡಿ ಆಪರೇಷನ್ ಆದಮೇಲೆ ಮ್ಯಾನೇಜರ್ ಆದೆ. ಮ್ಯಾನೇಜರ್ ಅಂದರೆ ನೀರಿನ ಬಾಟಲಿ ಹೊರುವವಳು, ಬರದವರಿಗೆ ಫೋನ್ ಮಾಡುವವಳು, ಬಂದವರ ಮುನಿಸು ತೀರಿಸುವವಳು.

ಸುಸ್ತಾಗಿದೆ ಸ್ವಾಮಿ. ಮಂಡಿಗಲ್ಲ, ತಂಡ ಕಟ್ಟಿ ಕಟ್ಟಿ.

ಯಾಕೆ ಅಂತ ಹೇಳುತ್ತೇನೆ. ನಮ್ಮಲ್ಲಿ ಹೊಸ ಹುಡುಗಿಯೊಬ್ಬಳು ಚೆನ್ನಾಗಿ ಆಡಲು ಕಲಿಯುವ ಹೊತ್ತಿಗೆ ಸರಿಯಾಗಿ ಅವಳ ಹನ್ನೆರಡನೇ ಕ್ಲಾಸು ಮುಗಿಯುತ್ತದೆ. ಮಣಿಪಾಲಕ್ಕೋ ಮಂಗಳೂರಿಗೋ ಕಾಲೇಜಿಗೆ ಹೋಗುತ್ತಾಳೆ. ಅನುಭವಿಗಳು ಒಬ್ಬೊಬ್ಬರಾಗಿ, ಕಂಪನಿ ಕಳಿಸಿದ ಕಡೆ ಹೊರಟ ಗಂಡನ ಹಿಂದೆ ಗಂಟುಮೂಟೆ ಕಟ್ಟುತ್ತಾರೆ. ನಮ್ಮ ಅತ್ಯುತ್ತಮ ಡಿಫೆಂಡರ್ ಈಗ ದುಕ್ಮ್‌ನಲ್ಲಿದ್ದಾಳೆ, ಗಂಡನಿಗೆ ಅಲ್ಲಿನ ಬಂದರಿನಲ್ಲಿ ಕೆಲಸ. ಪ್ರಾಕ್ಟೀಸಿಗೆ ಬಾ ಅನ್ನಲು ಅದೇನು ಪಕ್ಕದ ಬೀದಿಯೇ? ಐದಾರು ಗಂಟೆ ಮರುಭೂಮಿಯಲ್ಲಿ ಕಾರು ಓಡಿಸಬೇಕು. ಹೀಗಾಗಿ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಆಡುವವರಿಗಿಂತ ಆಡಿ ಹೋದವರೇ ಹೆಚ್ಚು. ಗ್ರೂಪ್ ಬಿಟ್ಟು ಯಾರೂ ಹೋಗುವುದಿಲ್ಲ. ಕುಂದಾಪುರದಲ್ಲಿ ಕೂತು ಇಲ್ಲಿನ ಸರ್ವೀಸಿಗೆ ಸಲಹೆ ಕೊಡುತ್ತಾರೆ.

ಆ ಸಲಹೆಗಾರರಲ್ಲಿ ವಾರಿಜಕ್ಕನೇ ಮುಂದು. ಹೋದ ವರ್ಷ ಫೈನಲ್‌ನಲ್ಲಿ ನಾವು ಸೋತಾಗ ಎದುರು ತಂಡದವರು ಊರಿಂದ ಯೂನಿವರ್ಸಿಟಿ ಆಟಗಾರ್ತಿಯೊಬ್ಬಳನ್ನು ವಿಸಿಟ್ ವೀಸಾದಲ್ಲಿ ಕರೆಸಿದ್ದರು. ನಾವು ಗೊಣಗಿಕೊಂಡು ಸುಮ್ಮನಾಗುವವರಿದ್ದೆವು. ಉಡುಪಿಯಿಂದ ವಾರಿಜಕ್ಕನ ವಾಯ್ಸ್ ಮೆಸೇಜ್ ಬಂತು: "ಬಿಡಬೇಡಿ ಮಾರಾಯ್ತಿಯರೇ. ಇಲ್ಲಿ ವಾಸ ಇರುವವರಿಗೆ ಮಾತ್ರ ಆಟ ಅಂತ ರೂಲು ಮಾಡ್ಲಿಕ್ಕೆ ಹೇಳಿ." ನಾವು ಹೇಳಿದೆವು. ಕೂಟದವರು ರೂಲು ಮಾಡಿದರು. ಒಮಾನಿನ ರೆಸಿಡೆಂಟ್ ಕಾರ್ಡ್ ಇದ್ದವರಿಗೆ ಮಾತ್ರ ಆಡಲು ಅವಕಾಶ.

ಈಗ ನಿಮಗೆ ಅರ್ಥವಾಗಿರಬೇಕು. ನನಗೆ ಮಾತ್ರ ತಡವಾಗಿ ಅರ್ಥವಾಯಿತು.

ಮಗನ ಮನೆ ಅಲ್ ಮವಾಲೇಹ್‌ನಲ್ಲಿ. ವಾರಿಜಕ್ಕ ಮಗುವಿಗೆ ಸ್ನಾನ ಮಾಡಿಸಿ, ಬಾಣಂತಿಗೆ ಊಟ ಕೊಟ್ಟು, ಮಗನ ಕೈಯಲ್ಲಿ ಕಾರಿನಲ್ಲಿ ಡ್ರಾಪ್ ಮಾಡಿಸಿಕೊಂಡು ದಾರ್ಸೈಟಿಗೆ ಪ್ರಾಕ್ಟೀಸಿಗೆ ಬರತೊಡಗಿದರು. ಮೊದಲ ದಿನ ಏದುಸಿರು. ಮೂರನೇ ದಿನ ನಮ್ಮವರಿಗೆ ಏದುಸಿರು. ಚೆಂಡು ಅವರ ಕೈಗೆ ಬಂದದ್ದೂ ಹೋದದ್ದೂ ಕಾಣುತ್ತಿರಲಿಲ್ಲ, ಎದುರಿನ ಕೋರ್ಟಿನ ಮೂಲೆಯಲ್ಲಿ ಬಿದ್ದಾಗಲೇ ಗೊತ್ತಾಗುವುದು. ಈಗಿನ ಕ್ಯಾಪ್ಟನ್ ಝೊಹರಾ ನನ್ನ ಪಕ್ಕ ಬಂದು ನಿಂತು, ಈ ವರ್ಷ ಕಪ್ ನಮ್ಮದೇ ಅಂದಳು. ಝೊಹರಾ ಹಾಗೆಲ್ಲ ಆಸೆ ಪಡುವವಳಲ್ಲ.

ಟೂರ್ನಮೆಂಟಿಗೆ ಎರಡು ದಿನ ಇರುವಾಗ ಕೂಟದ ಕ್ರೀಡಾ ಕಾರ್ಯದರ್ಶಿ ಪ್ರದೀಪನ ಫೋನು. ಒಳ್ಳೆಯ ಹುಡುಗ. ತುಂಬಾ ಹೊತ್ತು ಹವಾಮಾನದ ಬಗ್ಗೆ ಮಾತಾಡಿದ. ಆಮೇಲೆ, ವಾರಿಜಕ್ಕನದು ವಿಸಿಟ್ ವೀಸಾ ಅಲ್ವಾ ಅಂದ. ರೂಲು ಬದಲಿಸಿದರೆ ಉಳಿದ ತಂಡಗಳು ಸುಮ್ಮನಿರುವುದಿಲ್ಲ ಅಂದ. ಅದರ ಬದಲು ಅವರನ್ನು ಮುಖ್ಯ ಅತಿಥಿ ಮಾಡೋಣ, ಶಾಲು ಹೊದಿಸಿ ಸನ್ಮಾನ ಮಾಡೋಣ, ಹೇಗೂ ಹಿರಿಯ ಆಟಗಾರ್ತಿ ಅಂದ. ಅವರಿಗೆ ನೀವೇ ಹೇಳಿಬಿಡಿ ಅಂತಲೂ ಅಂದ.

ಮ್ಯಾನೇಜರ್ ಇನ್ನೇನಕ್ಕೆ ಇರುವುದು?

ಅಲ್ ಮವಾಲೇಹ್‌ಗೆ ಹೋದೆ. ವಾರಿಜಕ್ಕ ಕಾಲು ನೀಡಿ ಕೂತು ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಿದ್ದರು. ಸುತ್ತಿ ಬಳಸಿ ಹೇಳಲು ಹೊರಟೆ, ಆಗಲಿಲ್ಲ. ನೇರವಾಗಿ ಹೇಳಿದೆ. ಅವರ ಕೈ ಒಂದು ಕ್ಷಣ ಮಗುವಿನ ಹೊಟ್ಟೆಯ ಮೇಲೆ ನಿಂತಿತು.

"ಆ ರೂಲು ನಾನೇ ಹೇಳಿ ಮಾಡಿಸಿದ್ದಲ್ವಾ?"

ಹೌದು ಅಂದೆ. ಅವರು ನಕ್ಕರು. ಸಣ್ಣಗೆ ಶುರುವಾದ ನಗು, ಬೇಗ ಮುಗಿಯಿತು. ಮತ್ತೆ ಎಣ್ಣೆ ಹಚ್ಚತೊಡಗಿದರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಆ ರೆಸಿಡೆಂಟ್ ಕಾರ್ಡು ಪರ್ಸಿನಲ್ಲಿತ್ತು, ಒಂದು ಸಲವೂ ಆಟಕ್ಕೆ ಅಂತ ಯಾರಿಗೂ ತೋರಿಸಿದ್ದಿಲ್ಲ ಅಂದರು. ಊರಿಗೆ ಹೋಗುವಾಗ ಅದನ್ನು ಕ್ಯಾನ್ಸಲ್ ಮಾಡಿಸಿದ್ದಷ್ಟೇ.

ನಾನು ಸನ್ಮಾನದ ವಿಷಯ ತೆಗೆದೆ.

"ಶಾಲು ಬೇಡ. ಅದನ್ನು ಹೊದಿಸಿದ್ರೆ ಎಲ್ಲ ಮುಗೀತು ಅಂತ ಅಲ್ವಾ? ನಂಗೆ ಇನ್ನೂ ಆಡ್ಲಿಕ್ಕೆ ಆಗ್ತದೆ."

ಒಳಗಿನಿಂದ ಸೊಸೆ ಬಿಸಿನೀರು ಕಾದಿದೆ ಅಂತ ಕೂಗಿದಳು. ನಾನು ಎದ್ದು ಬಂದೆ.

ಅವರ ಜಾಗಕ್ಕೆ ಶ್ರಾವ್ಯ. ಹನ್ನೆರಡನೇ ಕ್ಲಾಸಿನ ಹುಡುಗಿ, ನಮ್ಮ ಭವಿಷ್ಯ ಅಂತ ನಾವೆಲ್ಲ ಹೇಳಿಕೊಳ್ಳುವವಳು. ಒಳ್ಳೆಯ ಎತ್ತರ, ಒಳ್ಳೆಯ ಕೈ. ಬೋರ್ಡ್ ಎಕ್ಸಾಮ್ ಇಟ್ಟುಕೊಂಡು ಆಟ ಯಾಕೆ ಅಂತ ಅವಳಮ್ಮ ನನ್ನ ಹತ್ತಿರ ಮುಖ ಊದಿಸಿಕೊಂಡರು. ಒಂದೇ ದಿನ ಅಂತ ಕೈಮುಗಿದೆ. (ಮುನಿಸು ತೀರಿಸುವುದು ಅಂದೆನಲ್ಲ, ಅದರಲ್ಲಿ ತಾಯಂದಿರ ಮುನಿಸೂ ಸೇರಿದೆ.)

ಟೂರ್ನಮೆಂಟಿನ ದಿನ, ಶುಕ್ರವಾರ ಬೆಳಿಗ್ಗೆ, ವಾರಿಜಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಟ್ರ್ಯಾಕ್‌ಪ್ಯಾಂಟು, ಶೂ ಎಲ್ಲ ಹಾಕಿಕೊಂಡೇ. ವೇದಿಕೆಯಿಂದ ಪ್ರದೀಪ ಕೈ ಮಾಡಿ ಕರೆದ. ಅವರು ಅವನಿಗೆ ಕೈ ಬೀಸಿ, ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಶಾಲು ಅವನ ಕೈಯಲ್ಲೇ ಉಳಿಯಿತು.

ಸೆಮಿಫೈನಲ್ ಹೇಗೋ ಗೆದ್ದೆವು. ಫೈನಲ್‌ನಲ್ಲಿ ಒಂದು ಸೆಟ್ ಅವರಿಗೆ, ಒಂದು ನಮಗೆ. ಮೂರನೆಯದರಲ್ಲಿ ಎದುರಿನವರು ಶ್ರಾವ್ಯಳನ್ನೇ ಗುರಿ ಮಾಡಿದರು. ಯಾರು ಹೊಸಬಳು ಅಂತ ಕಂಡುಹಿಡಿಯಲು ಎಷ್ಟು ಹೊತ್ತು ಬೇಕು? ಎರಡು ಚೆಂಡು ಅವಳ ಬೆರಳ ಸಂದಿಯಿಂದ ಜಾರಿದವು. ಝೊಹರಾ ಟೈಮ್‌ಔಟ್ ಕೇಳಿದಳು.

ಶ್ರಾವ್ಯ ನಮ್ಮ ಹತ್ತಿರ ಬಂದು, ಸಾರಿ ಆಂಟಿ, ಐ ಕಾಂಟ್, ನನ್ನನ್ನು ತೆಗೆದುಬಿಡಿ ಅಂದಳು. ಕಣ್ಣಲ್ಲಿ ನೀರು. ವಾರಿಜಕ್ಕ ಎದ್ದು ಅವಳ ಎರಡೂ ಕೈ ಹಿಡಿದು ಅಂಗೈ ಒರೆಸಿದರು, ತಮ್ಮದೇ ಟೀ ಶರ್ಟಿನಿಂದ.

"ಚೆಂಡು ಬರುವ ಮೊದಲೇ ಎಸೆಯುವ ಯೋಚನೆ ಮಾಡ್ತೀಯ ನೀನು. ಮೊದಲು ಹಿಡಿ ಮಗಾ. ಹಿಡಿದ ಮೇಲೆ ಎಲ್ಲಿಗೆ ಅಂತ ನೋಡು."

ಹುಡುಗಿ ಒಳಗೆ ಹೋದಳು. ಆಮೇಲೆ ಒಂದೂ ಬಿಡಲಿಲ್ಲ. ನಾವು ಸಮಕ್ಕೆ ಬಂದೆವು, ಒಂದು ಪಾಯಿಂಟ್ ಮುಂದೂ ಹೋದೆವು. ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ವಾರಿಜಕ್ಕ ಗೆರೆಯ ಅಂಚಿನಲ್ಲಿ ನಿಂತಿದ್ದರು. ಪ್ರತಿ ಚೆಂಡಿಗೂ ಅವರ ಎರಡು ಕೈ ತಾವಾಗಿಯೇ ಎದೆಯ ಮುಂದೆ ಬರುತ್ತಿದ್ದವು, ಖಾಲಿಯಾಗಿಯೇ ಕೆಳಗಿಳಿಯುತ್ತಿದ್ದವು. ನಾನು ಆಟ ನೋಡುವುದು ಬಿಟ್ಟು ಆ ಕೈಗಳನ್ನೇ ನೋಡಿದೆ.

ಕೊನೆಯ ಎರಡು ಪಾಯಿಂಟೂ ಕಪ್ಪೂ ಎದುರಿನವರದಾದವು. ಝೊಹರಾಳ ಸರ್ವೀಸೇ ನೆಟ್ಟಿಗೆ ತಾಗಿ ಬಿತ್ತು. ತಂಡದ ಅತ್ಯಂತ ಅನುಭವಿಯ ಕೈಯಲ್ಲೇ ತಪ್ಪಾದರೆ ಯಾರನ್ನು ಬೈಯುವುದು? ಅವಳು ದುಪಟ್ಟಾ ಸರಿ ಮಾಡಿಕೊಂಡು ಬಂದು, ಖಲಾಸ್ ಅಂತ ಹೇಳಿ ನೆಲದಲ್ಲಿ ಕೂತಳು. ಗ್ರೂಪಿನಲ್ಲಿ ಕುಂದಾಪುರದಿಂದಲೂ ದುಕ್ಮ್‌ನಿಂದಲೂ ಅಳುವ ಮುಖಗಳು ಬಂದು ಬಿದ್ದವು.

ಬಹುಮಾನ ವಿತರಣೆ ಮುಗಿದು ಜನ ಬಿರಿಯಾನಿ ಕಡೆ ಹೋದರು. ಶ್ರಾವ್ಯ ಚೆಂಡು ಹಿಡಿದುಕೊಂಡು ವಾರಿಜಕ್ಕನ ಮುಂದೆ ಬಂದು ನಿಂತಳು. ಆಂಟಿ, ನೀವು ಪ್ರಾಕ್ಟೀಸಲ್ಲಿ ಹಾಕ್ತಿದ್ದ ಹಾಗೆ ಆ ಮೂಲೆಗೆ ಹಾಕುವುದು ಹೇಗೆ, ತೋರಿಸ್ತೀರಾ ಅಂದಳು. ಮುಂದಿನ ವರ್ಷ ನಾನು ಇಲ್ಲಿ ಇರಲ್ಲ, ಕಾಲೇಜಿಗೆ ಹೋಗ್ತೇನೆ ಅಂತಲೂ ಹೇಳಿದಳು.

"ನಾನೂ ಇರುವುದಿಲ್ಲ. ಬಾ," ಅಂದರು ವಾರಿಜಕ್ಕ.

ಇಬ್ಬರೂ ನೆಟ್ಟಿನ ಆಚೆ ಈಚೆ ನಿಂತರು. ಒಬ್ಬಳು ಇನ್ನೂ ಸರಿಯಾಗಿ ತಂಡಕ್ಕೆ ಬಂದಿಲ್ಲ, ಇನ್ನೊಬ್ಬರು ತಂಡದಿಂದ ಹೋಗಿ ಆಗಿದೆ. ಇಬ್ಬರಿಗೂ ಮುಂದಿನ ಚಳಿಗಾಲ ಇಲ್ಲಿಲ್ಲ. ಆದರೂ ಅಷ್ಟು ಶ್ರದ್ಧೆಯಿಂದ ಯಾರೂ ಫೈನಲ್ ಆಡಿದ್ದನ್ನು ನಾನು ನೋಡಿಲ್ಲ. ಹೊರಗೆ ಹೋದ ಚೆಂಡನ್ನೆಲ್ಲ ನಾನು ಕುಂಟುತ್ತಾ ಹೆಕ್ಕಿ ಕೊಟ್ಟೆ. ಬಿಸಿಲು ಏರುತ್ತಿತ್ತು. ವಾರಿಜಕ್ಕನ ಫೋನ್ ಕುರ್ಚಿಯ ಮೇಲೆ ಎರಡು ಸಲ ರಿಂಗಾಯಿತು, ಸೊಸೆಯದು. ಮೂರನೇ ಸಲಕ್ಕೆ ಅವರು ಬಂದು ತೆಗೆದರು. ಮಗು ಎದ್ದಿದೆ, ಹೊರಟೆ ಅಂದರು. ಶೂಗಳನ್ನು ಅಲ್ಲೇ ಬಿಚ್ಚಿ, ಮರಳು ಕೊಡವಿ, ಶ್ರಾವ್ಯಳ ಕಾಲ ಪಕ್ಕ ಇಟ್ಟು ಅಳತೆ ನೋಡಿದರು. ಆಗಲಿಲ್ಲ, ಹುಡುಗಿಯ ಪಾದ ದೊಡ್ಡದು. ಮತ್ತೆ ತಾವೇ ಹಾಕಿಕೊಂಡು ಕಾರಿನ ಕಡೆ ನಡೆದರು.

ಪ್ರದೀಪ ನೆಟ್ ಬಿಚ್ಚುತ್ತಾ ಹತ್ತಿರ ಬಂದ. ಬೇಜಾರು ಮಾಡಬೇಡಿ, ಮುಂದಿನ ಸಲ ನಿಮ್ಮ ತಂಡ ಇನ್ನೂ ಸ್ಟ್ರಾಂಗ್ ಆಗಿರುತ್ತದೆ, ಯಾರ್ಯಾರು ಆಡ್ತಾರೆ ಅಂತ ಈಗಲೇ ಹೇಳಿಬಿಡಿ ಅಂದ.

"ಅದನ್ನು ನಮ್ಮ ಗಂಡಂದಿರ ಕಂಪನಿಯವರನ್ನು ಕೇಳು" ಅಂದೆ.