ಧೀರೇಂದ್ರರಾವ್, ಎಡಿಎಚ್‌ಡಿ

ಶಹಾಬಾದದಲ್ಲಿ ಫರಸಿಕಲ್ಲಿಗಿಂತ ಹೆಚ್ಚು ಸಿಗುವ ಸರಕು ಬುದ್ಧಿಮಾತು. ಕಲ್ಲಿಗಾದರೂ ರೊಕ್ಕ ಎಣಿಸಬೇಕು, ಬುದ್ಧಿಮಾತು ಪುಕ್ಕಟೆ. ಆ ಪುಕ್ಕಟೆ ಸರಕು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಪಾಲಿಗೆ ಬಂದದ್ದು ಧೀರೇಂದ್ರನಿಗೆ. ಹಾಜಿಸಾಬರ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಅವನು ಗುಮಾಸ್ತ. ವಯಸ್ಸು ನಲವತ್ತು ದಾಟಿದ್ದರೂ ಅವನಿಗೆ ಬುದ್ಧಿ ಹೇಳುವ ಹಕ್ಕು ಹಾಲು ಹಾಕುವವನಿಗೂ ಇತ್ತು.

ತಪ್ಪು ಅವನಲ್ಲಿ ಎರಡಿದ್ದವು. ನಳದ ಕೆಳಗೆ ಕೊಡ ಇಟ್ಟು ದೇವರಿಗೆ ಹೂ ತರಲು ಹೋಗುತ್ತಿದ್ದ, ಹೂ ಮರೆತು ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಬರುತ್ತಿದ್ದ. ಅಷ್ಟರಲ್ಲಿ ನೀರು ಅಂಗಳ ದಾಟಿ ಓಣಿಗೆ ಇಳಿದಿರುತ್ತಿತ್ತು. ಇದನ್ನು ಜನ ನಕ್ಕು ಬಿಡುತ್ತಿದ್ದರು. ಬಿಡದೆ ಹಿಡಿದದ್ದು ಎರಡನೆಯದನ್ನು. ಮಂದಿ ಆಡಿದ ಮಾತನ್ನು ಅವನು ಆಡಿದಂತೆಯೇ ನಂಬುತ್ತಿದ್ದ, ಕೇಳಿದರೆ ಇದ್ದದ್ದನ್ನೇ ಹೇಳುತ್ತಿದ್ದ. ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಧೀರೇಂದ್ರನಿಗೆ ಒದೆ ಮಾತ್ರ ಗೊತ್ತಿತ್ತು, ಯಾಕೆ ಒದ್ದರೆಂಬುದು ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಹಾಜಿಸಾಬರು ಬಾಯಿಮಾತಿಗೆ, "ರಾವ್‌ಸಾಬ್, ಒಮ್ಮೆ ನಮ್ಮ ಮನಿಗೆ ಊಟಕ್ಕ ಬರ್ರಿ" ಎಂದರು. ಮರುದಿನ ಮಧ್ಯಾಹ್ನ ಹಣೆಗೆ ಅಕ್ಷತೆ ಹಚ್ಚಿಕೊಂಡು ಧೀರೇಂದ್ರ ಅವರ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಿರಿಯಾನಿ ದಮ್ಮಿನಲ್ಲಿತ್ತು. ಹಾಜಿಸಾಬರ ಹೆಂಡತಿ ಸರ್ವರಬೇಗಂ ಗಾಬರಿಯಾಗಿ ಬಾಳೆಹಣ್ಣು, ಹಾಲು ತರಿಸಿ ಇಟ್ಟರು. ತಿಂದು ಕೈ ತೊಳೆದ ಧೀರೇಂದ್ರ, "ಊಟ ಅಂದಿದ್ರಿ, ಇದು ಉಪಾಸದ ಫರಾಳ ಆತಲ್ಲರಿ" ಎಂದ. ಹಾಜಿಸಾಬರು ಎಂಟು ದಿನ ನಕ್ಕರು. ಧೀರೇಂದ್ರನ ಮಡಿವಂತ ಓಣಿ ಎಂಟು ದಿನ ನಗಲೇ ಇಲ್ಲ.

ಹೆಂಡತಿ ಪ್ರಮಿತಾ ಹತ್ತು ವರ್ಷ ಇದನ್ನೆಲ್ಲ ಸಹಿಸಿದಳು. ಆದರೆ ಸೇಡಂನಲ್ಲಿ ಅವಳ ತಮ್ಮ ಕೌಸ್ತುಭನ ಹೊಸ ಮನೆಯ ವಾಸ್ತುಶಾಂತಿಯ ದಿನ ಅವಳಿಗೆ ಸಾಕಾಯಿತು. ತುಂಬಿದ ಪಂಕ್ತಿಯಲ್ಲಿ ಕೌಸ್ತುಭ, "ಭಾವಾರ, ಮನಿ ಹೆಂಗನಸ್ತದರಿ?" ಎಂದು ಕೇಳಿದ. "ಇಕ್ಕಟ್ಟಾಗೇದ. ಇಬ್ಬರು ಎದುರಾಬದುರಾದ್ರ ಒಬ್ಬರು ಹಿಂದ ಸರೀಬೇಕು" ಎಂದ ಧೀರೇಂದ್ರ. ಹೋಳಿಗೆ ಹೇಗಾಗಿವೆ ಎಂದು ಅತ್ತೆ ಕೇಳಿದ್ದಕ್ಕೆ, "ನಿನ್ನಿವು" ಎಂದ.

ಯಾವುದೋ ವಾರಪತ್ರಿಕೆಯಲ್ಲಿ ಇಂಥವರ ಬಗ್ಗೆ ಓದಿದ್ದ ಪ್ರಮಿತಾ, ೨೦೦೬ರಲ್ಲಿ ಗಂಡನನ್ನು ಹೈದರಾಬಾದಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಅರ್ಧ ದಿನ ಪ್ರಶ್ನೆ ಕೇಳಿ, ಇವರಿಗೆ ಎಡಿಎಚ್‌ಡಿ ಇದೆ, ಜೊತೆಗೆ ಆಟಿಸಂ ಇದೆ, ಎರಡೂ ಹುಟ್ಟಿನಿಂದ ಬಂದದ್ದು, ಇದು ಕೊಬ್ಬಲ್ಲ, ಹುಚ್ಚಲ್ಲ ಎಂದರು. ಗುಳಿಗೆಗಿಂತ ಮೊದಲು ಒಳ್ಳೆಯ ಕೋಚಿಂಗ್ ಬೇಕು ಎಂದೂ ಹೇಳಿದರು. ಅಂಥ ಕೋಚಿಂಗ್ ಎಲ್ಲಿ ಸಿಗುತ್ತದೆ ಎಂದರೆ ಅಮೆರಿಕದ ಹೆಸರು ಹೇಳಿದರು.

ಬರುವಾಗ ರೈಲಿನಲ್ಲಿ ಧೀರೇಂದ್ರ ಹಗುರಾಗಿದ್ದ. ಇಷ್ಟು ವರ್ಷ ಅರೆಹುಚ್ಚ, ಧಿಮಾಕಿನವ, ಖಬರಗೇಡಿ ಎಂದು ಕರೆಸಿಕೊಂಡವನಿಗೆ ಬೈಗುಳವಲ್ಲದ ಹೆಸರೊಂದು ಸಿಕ್ಕಿತ್ತು. ಆ ಸಂತೋಷ ಸೇಡಂವರೆಗೆ ಇತ್ತು. ಸೇಡಂ ಸ್ಟೇಷನ್ನಿನಲ್ಲಿ ಪ್ರಮಿತಾ ಚೀಲ ಎತ್ತಿಕೊಂಡು ಇಳಿದುಬಿಟ್ಟಳು.

"ಕೋಚಿಂಗ್ ಮುಗಿಸಿ ಬರ್ರಿ. ನಾಕು ಮಂದ್ಯಾಗ ನಾಕು ಮಾತು ಛಂದ ಆಡೂದು ಕಲೀರಿ. ಅವತ್ತ ನಾ ಬರ್ತೀನಿ" ಎಂದು ಕಿಟಕಿಯ ಹೊರಗಿನಿಂದ ಹೇಳಿದಳು. ಚಿತ್ತಾಪುರ ಹೋಯಿತು, ವಾಡಿ ಹೋಯಿತು, ಧೀರೇಂದ್ರ ಅದನ್ನೇ ಜಪಿಸುತ್ತ ಕುಳಿತ. ಪ್ರಮಿತಾ ಇಲ್ಲದ ಮನೆ ಅವನಿಗೆ ಬೇಕಿರಲಿಲ್ಲ.

ಮರುದಿನ ಅವನ ತಾಯಿ ಸುಮಿತ್ರಾಬಾಯಿ ನೆರೆಮನೆಯ ಅನಸುಬಾಯಿಗೆ, "ನಮ್ಮ ಧೀರೂಗ ಎಡಿಎಚ್‌ಡಿ ಅದಂತವಾ, ಹೈದರಾಬಾದಿನಾಗ ಹೇಳಿದ್ರು" ಎಂದು ಕಣ್ಣೊರೆಸಿಕೊಂಡರು. ಅನಸುಬಾಯಿಗೆ ಕೇಳಿಸಿದ್ದು ಆ ಹೆಸರಿನ ಬಾಲದ 'ಎಚ್‌ಡಿ' ಮಾತ್ರ. ಸಂಜೆಯೊಳಗೆ ಧೀರೇಂದ್ರರಾವ್ ಪಿಎಚ್‌ಡಿ ಮುಗಿಸಿದ ಸುದ್ದಿ ಊರು ತುಂಬಿತು. ಹಾಜಿಸಾಬರು ಕಾರ್ಖಾನೆಯಲ್ಲಿ ಪೇಢೆ ಹಂಚಿದರು.

"ಪಿಎಚ್‌ಡಿ ಅಲ್ಲರಿ, ಎಡಿಎಚ್‌ಡಿ. ಜೋಡಿಗೆ ಆಟಿಸಂ ಭೀ ಅದ" ಎಂದ ಧೀರೇಂದ್ರ.

"ಎರಡೆರಡು! ಮಾಶಾಲ್ಲಾ!" ಎಂದು ಹಾಜಿಸಾಬರು ಇನ್ನೊಂದು ಪೇಢೆ ಬಾಯಿಗಿಟ್ಟರು.

ಕೋಚಿಂಗ್ ಎಂದರೆ ಏನೆಂದು ಮಾತ್ರ ಶಹಾಬಾದಕ್ಕೆ ಯಾರೂ ಕಲಿಸಬೇಕಿರಲಿಲ್ಲ. ಹತ್ತನೇ ಕ್ಲಾಸು ಫೇಲಾದವರಿಗೆ, ಪೊಲೀಸ್ ಭರ್ತಿಗೆ, ಇಂಗ್ಲಿಷ್ ಮಾತಾಡಲು, ಎಲ್ಲದಕ್ಕೂ ಪಾಸ್ ಗ್ಯಾರಂಟಿ ಎಂದು ಬೋರ್ಡು ಹಾಕಿಕೊಂಡು ಅಂಬರಾಯ ಮಾಸ್ತರರು ತಗಡಿನ ಶೆಡ್ಡಿನಲ್ಲಿ ಕುಳಿತಿದ್ದರು. ಸುಮಿತ್ರಾಬಾಯಿ ಮಗನನ್ನು ಅಲ್ಲಿಗೇ ಕರೆದೊಯ್ದರು.

"ಸಬ್ಜೆಕ್ಟ್ ಯಾವ್ದರೀ ಬಾಯಾರ?" ಎಂದರು ಮಾಸ್ತರರು.

"ಮಂದಿ ಕೂಡ ಮಾತಾಡೂದು."

ಅಂಬರಾಯರು ಜನ್ಮದಲ್ಲಿ ಯಾವ ಸಬ್ಜೆಕ್ಟನ್ನೂ ಬಾರದೆಂದು ವಾಪಸು ಕಳಿಸಿದವರಲ್ಲ. "ಆಗ್ತದರಿ, ಇಂಪಾರ್ಟೆಂಟ್ ಪ್ರಶ್ನೆ ತಗದು ಬಾಯಿಪಾಠ ಮಾಡಸ್ತೀನಿ" ಎಂದರು. ಮರುದಿನದಿಂದ ಧೀರೇಂದ್ರ ಗಣಿತದಲ್ಲಿ ಫೇಲಾದ ಹುಡುಗರ ಪಕ್ಕದ ಬೆಂಚಿನಲ್ಲಿ ಕುಳಿತ.

"ಬೀಗರ ಮನ್ಯಾಗ ಚಹಾ ತಗೋತೀರೇನಂತ ಕೇಳ್ತಾರ. ಉತ್ತರ?"

"ಬೇಕಾಗಿದ್ರ ಹೂಂ ಅನ್ನೂದು. ಬ್ಯಾಡಾಗಿದ್ರ ಬ್ಯಾಡ ಅನ್ನೂದು."

"ಸೊನ್ನಿ ಮಾರ್ಕು! ಎರಡು ಸಲ ಬ್ಯಾಡ ಅನಬೇಕು. ಮೂರನೇ ಸಲ ಅರ್ಧ ಕಪ್ಪು ಕೊಡ್ರಿ ಅನಬೇಕು. ಅವ್ರು ಪೂರಾ ಕಪ್ಪು ಕೊಡ್ತಾರ, ಪೂರಾ ಕುಡೀಬೇಕು."

"ಮತ್ತ ಅರ್ಧ ಅಂತ ಯಾಕ ಅನ್ನೂದು?"

"ಪರೀಕ್ಷಾದಾಗ ಯಾಕ ಅಂತ ಬರೀತಾರೇನ್ರೀ? ಬಾಯಿಪಾಠ ಮಾಡ್ರಿ."

ಹೊಸ ಮನೆಗೆ "ಭಾಳ ಹವಾ ಬೆಳಕದ", ಕೂಸಿಗೆ "ಥೇಟ್ ಅಪ್ಪನಂಗದ", ಅಡುಗೆ ಎಂಥದೇ ಇರಲಿ "ಅಮೃತ ಆಗೇದ". ಮಳೆಗಾಲ ಪೂರ್ತಿ ಮಾಸ್ತರರು ಹೇಳಿದರು, ಧೀರೇಂದ್ರ ಒಪ್ಪಿಸಿದ. ಒಂದು ದಿನ ನಡುವೆಯೇ ನಿಲ್ಲಿಸಿ, "ಇಷ್ಟೇ ಇತ್ತೇನ್ರೀ ಮಾಸ್ತರ?" ಎಂದ. "ಇಷ್ಟು ಮಂದಿ ಇಷ್ಟು ವರ್ಷ ಬೈದ್ರು. ಬೈಯೂದರ ಬದಲಿ ಒಬ್ಬರರೆ ಇದನ್ನ ಹೇಳಬಾರದಿತ್ತೇನು?" ಮಾಸ್ತರರು ಈ ಪ್ರಶ್ನೆ ಸಿಲೆಬಸ್ಸಿನಲ್ಲಿಲ್ಲ ಎಂದು ಹೇಳಿ ಅವತ್ತು ಬೇಗ ಕ್ಲಾಸು ಬಿಟ್ಟರು.

ದಸರೆ ಮುಗಿದ ಮೇಲೆ ಧೀರೇಂದ್ರ ಇಸ್ತ್ರಿ ಅಂಗಿ ತೊಟ್ಟು ಸೇಡಂಗೆ ಹೋದ. ಚಹಾ ಎರಡು ಸಲ ಬೇಡವೆಂದ, ಮೂರನೇ ಸಲ ಅರ್ಧ ಕಪ್ಪು ಕೇಳಿದ, ಪೂರಾ ಕುಡಿದ. ಮನೆಯಲ್ಲಿ ಭಾಳ ಹವಾ ಬೆಳಕು ಅದ ಎಂದ. ಬೆಳಗ್ಗೆಯೇ ಲೈಟ್ ಹಚ್ಚಿಟ್ಟಿದ್ದ ಪಡಸಾಲೆಯಲ್ಲಿ ಕೌಸ್ತುಭನ ಎದೆಯುಬ್ಬಿತು. "ಕೋಚಿಂಗ್ ಅಂದ್ರ ಇದು ನೋಡ್ರಿ!" ಎಂದು ಅವನು ತಾಯಿಯ ಕಡೆ ತಿರುಗಿದ.

ಅಂದು ಅಡುಗೆ ಪ್ರಮಿತಾಳದು. ಗಂಡ ಪಾಸಾಗುತ್ತಾನೋ ಇಲ್ಲವೋ ಎಂದು ಅವಳ ಕಿವಿಯೆಲ್ಲ ಪಡಸಾಲೆಯಲ್ಲಿತ್ತು. ಗಂಡಸರೂ ಅತ್ತೆಯೂ ಊಟಕ್ಕೆ ಕುಳಿತರು. ಸಾರು ಹೇಗಿದೆ ಎಂದು ಬಡಿಸುತ್ತ ಕೇಳಿದಳು. ಕೌಸ್ತುಭ ಭಾಳ ಛಂದ ಆಗೇದ ಎಂದ, ಅತ್ತೆ ರುಚಿ ಆಗೇದ ಎಂದರು. ಧೀರೇಂದ್ರ ತಲೆಯೆತ್ತಿ, ಒಂದಕ್ಷರ ತಪ್ಪದೆ, "ಅಮೃತ ಆಗೇದ" ಎಂದ.

ಎಲ್ಲರದೂ ಮುಗಿದ ಮೇಲೆ ಪ್ರಮಿತಾ ಒಬ್ಬಳೇ ಊಟಕ್ಕೆ ಕುಳಿತಳು. ಮೊದಲ ತುತ್ತಿಗೇ ಎದ್ದು ಎಂಜಲು ಕೈಯಲ್ಲೇ ಪಡಸಾಲೆಗೆ ಬಂದಳು.

"ಸಾರಿಗೆ ಉಪ್ಪ ಹಾಕಿಲ್ಲ ನಾ. ಒಬ್ಬರೂ ಹೇಳಲಿಲ್ಲ?"

ಕೌಸ್ತುಭ ಗೋಡೆ ನೋಡಿದ. ಅತ್ತೆ, "ಇರಲಿ ಬಿಡವಾ, ಅದ್ಯಾಕ ಹೇಳೂದಂತ..." ಎಂದರು. ಪ್ರಮಿತಾ ಗಂಡನ ಮುಂದೆ ಬಂದು ನಿಂತಳು.

"ನಿಮಗ ತಿಳೀಲಿಲ್ಲೇನು?"

"ತಿಳೀತು."

"ಮತ್ತ ಅಮೃತ ಅಂದ್ರಿ?"

"ಹಂಗ ಅನ್ನೂದು ಕಲತ್ರ ಬರ್ತೀನಿ ಅಂದಿದ್ದಿಯಲ್ಲ ನೀನು."

ಹತ್ತು ವರ್ಷದಲ್ಲಿ ಈ ಮನುಷ್ಯ ತನ್ನ ಅಡುಗೆಯನ್ನು ಎಷ್ಟೋ ಸಲ ಬಯ್ದಿದ್ದಾನೆ, ಕೆಲವೇ ಸಲ ಚಲೋ ಎಂದಿದ್ದಾನೆ. ಆ ಚಲೋ ಒಂದೂ ಸುಳ್ಳಾಗಿರಲಿಲ್ಲ ಎಂಬುದು ಪ್ರಮಿತಾಳಿಗೆ ಆಗ ಹೊಳೆಯಿತು. ಎಂಜಲು ಕೈ ಮರೆತು ಕಣ್ಣೊರೆಸಿಕೊಂಡಳು.

"ಮಂದಿ ಮುಂದ ಬೇಕಾದಷ್ಟು ಅಮೃತ ಅನ್ರಿ. ನನ್ನ ಮುಂದ ಬ್ಯಾಡ" ಎಂದಳು.

"ಇದನ್ನೂ ಬಾಯಿಪಾಠ ಮಾಡ್ಲೇನು?"

"ಹೂಂ, ಮಾಡ್ರಿ."

ಅತ್ತೆ ಬೀಗತನದ ಮರ್ಯಾದೆಗೆ, "ಅಳಿಯಂದಿರ, ಇಬ್ಬರೂ ಇನ್ನೂ ನಾಕು ದಿನ ಇದ್ದು ಹೋಗ್ರಿ" ಎಂದರು. ಧೀರೇಂದ್ರ ಏನು ಉತ್ತರ ಹೇಳಬೇಕೆಂದು ತಿಳಿಯದೆ ಹೆಂಡತಿಯ ಕಡೆ ನೋಡಿದ. ಪ್ರಮಿತಾ ಆಗಲೇ ಒಳಗೆ ಹೋಗಿ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.